ಅಕ್ಕನ ಕರುಳನ್ನು ಯಾರೂ ನೋಡಲಿಲ್ಲ

ಪರದೆಯ ಮೇಲೆ ಮುಖ ಇರುವುದಿಲ್ಲ. ನನ್ನ ಕೆಲಸದಲ್ಲಿ ನನ್ನನ್ನು ಕಾಡುವುದು ಇದೊಂದೇ.

ಬೈಲಹೊಂಗಲದ ಒಂದು ಖಾಸಗಿ ಆಸ್ಪತ್ರೆಯ ಎಂಡೋಸ್ಕೋಪಿ ಕೋಣೆಯಲ್ಲಿ ನಾನು ಟೆಕ್ನಿಷಿಯನ್. ತುದಿಯಲ್ಲಿ ಕ್ಯಾಮೆರಾ ಇರುವ ಉದ್ದನೆಯ ನಳಿಕೆಯನ್ನು ಡಾಕ್ಟರು ರೋಗಿಯ ಕರುಳಿನೊಳಗೆ ನಡೆಸುತ್ತಾರೆ. ನಾನು ಪಕ್ಕದಲ್ಲಿ ನಿಂತು ನೀರು ಹಾಯಿಸುತ್ತೇನೆ, ಚಿತ್ರ ಹಿಡಿಯುತ್ತೇನೆ, ಒಳಪದರದ ಚೂರು ಕೀಳಬೇಕಾದಾಗ ಸಣ್ಣ ಚಿಮುಟ ಕೊಡುತ್ತೇನೆ. ನಮ್ಮ ಕಡೆಯ ಜನ ಇದಕ್ಕೆ ದುರ್ಬೀನು ಹಾಕುವುದು ಅನ್ನುತ್ತಾರೆ. ದೀಪ ಸಣ್ಣದು ಮಾಡಿದ ಮೇಲೆ ರೋಗಿ ಅಂದರೆ ಹಸಿರು ಬಟ್ಟೆಯ ಕೆಳಗಿನ ಒಂದು ಗುಡ್ಡೆ ಅಷ್ಟೇ. ಪರದೆಯ ಮೇಲೆ ತಿಳಿಗೆಂಪು ಸುರಂಗ, ಒದ್ದೆ ಹೊಳಪು, ಎಲೆಯ ನರಗಳ ಹಾಗೆ ಹರಡಿದ ರಕ್ತನಾಳ. ಅದು ಯಾರದ್ದಾದರೂ ಆಗಿರಬಹುದು. ಅಡತಿ ಸಾಹುಕಾರರದ್ದಿರಬಹುದು, ಹಮಾಲರದ್ದಿರಬಹುದು. ನನ್ನ ಅವ್ವನನ್ನು ಅಂಗಳದಾಚೆ ನಿಲ್ಲಿಸಿ ಬೊಗಸೆಗೆ ಮೇಲಿನಿಂದ ನೀರು ಸುರಿದ ಮನೆಯವರದ್ದನ್ನೂ ನೋಡಿದ್ದೇನೆ. ಬಣ್ಣ ಒಂದೇ.

ಆ ಸುರಂಗದ ಗೋಡೆ ಎಲ್ಲಿ ಕೆಂಪಗೆ ಊದಿ, ಮುಟ್ಟಿದರೆ ರಕ್ತ ಒಸರುತ್ತದೆಯೋ ಅಲ್ಲಿ ನನ್ನ ಅಕ್ಕ ಇರುತ್ತಾಳೆ. ಅವಳು ತೀರಿಕೊಂಡಾಗ ನಾನು ಒಂಬತ್ತನೇ ಇಯತ್ತೆಯಲ್ಲಿದ್ದೆ.

ನಮ್ಮಪ್ಪ ಯರಗಟ್ಟಿಯ ಮಾರುಕಟ್ಟೆಯಲ್ಲಿ ಚೀಲ ಹೊತ್ತವನು. ಅವ್ವ ಹತ್ತಿ ಬಿಡಿಸಿದವಳು, ಕಳೆ ತೆಗೆದವಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಬಿ.ಎಸ್ಸಿ. ಮುಗಿಸಿ, ಹುಬ್ಬಳ್ಳಿಯಲ್ಲಿ ಈ ಕೆಲಸದ ಡಿಪ್ಲೊಮಾ ಮಾಡಿದೆ. ನನ್ನ ಕೋಟಿನ ಮೇಲೆ ಹೆಸರು, ಹೆಸರಿನ ಮುಂದೆ ಬಿ.ಎಸ್ಸಿ. ಎಂದು ಬರೆದ ಬಿಲ್ಲೆ ಇದೆ. ಅದನ್ನು ಹಾಕಿಕೊಳ್ಳದೆ ಒಂದು ದಿನವೂ ಕೋಣೆಯೊಳಗೆ ಕಾಲಿಟ್ಟಿಲ್ಲ. ದೊಡ್ಡಸ್ತಿಕೆ ಅಂದರೆ ಅನ್ನಲಿ, ಪುಕ್ಕಟೆ ಬಂದದ್ದಲ್ಲ. ಅವ್ವ ಮಾತ್ರ ಓಣಿಯವರಿಗೆ, "ನನ್ನ ಮಗಳು ಹೊಟ್ಟಿಯೊಳಗಿನ ಸಿನಿಮಾ ತಗೀತಾಳ" ಎಂದು ಹೇಳಿಕೊಂಡು ಬಂದಿದ್ದಾಳೆ. ಪಕ್ಕದ ಮನೆಯಾಕೆ ಒಮ್ಮೆ, "ಅದರಾಗ ಹೀರೋ ಯಾರಬೇ?" ಎಂದಳಂತೆ. "ಜಂತಿನ ಹುಳ" ಎಂದಳಂತೆ ಅವ್ವ.

ಅಕ್ಕನನ್ನು ರಾಮದುರ್ಗಕ್ಕೆ ಕೊಟ್ಟಿದ್ದರು. ಗಂಡ ಮಗ್ಗದಲ್ಲಿ ಸೀರೆ ನೇಯುತ್ತಿದ್ದ, ಅವಳು ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಹೆಣ್ಣುಕೂಸು ಹುಟ್ಟಿ ಅದು ನಡೆದಾಡುವ ಹೊತ್ತಿಗೆ ಅವಳ ಹೊಟ್ಟೆ ಕೆಟ್ಟಿತು. ಉಂಡದ್ದು ನಿಲ್ಲಲಿಲ್ಲ. ರಕ್ತ ಹೋಗತೊಡಗಿತು. ತವರಿಗೆ ಬಂದಳು. ಅವ್ವ ಮೊದಲು ಕರೆದದ್ದು ಓಣಿಯ ಮುದುಕಿಯನ್ನು. ಹೊಕ್ಕಳ ಕೆಳಗೆ ಮಿಡಿಯುವುದು ತನ್ನ ಜಾಗ ಬಿಟ್ಟು ಸರಿದರೆ ಹೊಟ್ಟೆ ಕೆಡುತ್ತದೆ, ಅದನ್ನು ಎಣ್ಣೆ ಹಚ್ಚಿ ನೀವಿ ಜಾಗಕ್ಕೆ ತರಬೇಕು ಎಂದು ನಮ್ಮಲ್ಲಿ ನಂಬುತ್ತಾರೆ. "ಬಟ್ಟಿ ಸರದೈತಿ" ಎಂದಳು ಮುದುಕಿ. ಎಣ್ಣೆ ಹಚ್ಚಿ ನೀವಿದಳು, ಕಾಲಿನ ಹೆಬ್ಬೆರಳಿಗೆ ದಾರ ಕಟ್ಟಿದಳು. ಅಕ್ಕ ಹಲ್ಲು ಕಚ್ಚಿ ಮಲಗಿದ್ದಳು. ಆಮೇಲೆ ಮೂಲವ್ಯಾಧಿಯ ಪುಡಿ ಆಯಿತು. ಕೊನೆಗೆ ಒಬ್ಬ ಡಾಕ್ಟರು ಜ್ವರ, ಇಳಿದ ತೂಕ ನೋಡಿ, ಕರುಳಿನ ಟಿ.ಬಿ. ಇರಬೇಕು ಎಂದು ಗುಳಿಗೆ ಬರೆದುಕೊಟ್ಟರು. ಅವರನ್ನು ನಾನು ಬೈಯುವುದಿಲ್ಲ. ನಮ್ಮ ಕಡೆ ಟಿ.ಬಿ. ಮನೆಮನೆಯ ರೋಗವಾಗಿತ್ತು, ಹೊರಗಿನಿಂದ ನೋಡಿದರೆ ಕರುಳಿನ ಟಿ.ಬಿ.ಯೂ ಕರುಳು ಊದುವ ಇನ್ನೊಂದು ರೋಗವೂ ಒಂದೇ ತರಹ ಕಾಣುತ್ತವೆ ಎಂದು ಈಗ ನನಗೆ ಗೊತ್ತು. ಅಕ್ಕ ಗುಳಿಗೆ ನುಂಗಿದಳು, ಆ ಗುಳಿಗೆಯ ಬಣ್ಣಕ್ಕೆ ಕೆಂಪು ಮೂತ್ರ ಹೊಯ್ದಳು, ಇನ್ನೂ ಸೊರಗಿದಳು.

ಆಗ ಮನೆಯಲ್ಲಿ ಪಾಯಖಾನೆ ಇರಲಿಲ್ಲ. ಜಾಲಿಕಂಟಿಯ ಹಿಂದೆ ಹೋಗಬೇಕು. ಅವಳ ಜತೆ ನಾನು ತಂಬಿಗೆ ಹಿಡಿದು ಹೋಗುತ್ತಿದ್ದೆ. ಅವಳು ಆ ಕಡೆ, ನಾನು ದಾರಿಗೆ ಮುಖ ಮಾಡಿ, ಅವಳಿಗೆ ಬೆನ್ನು ಕೊಟ್ಟು, ಕಾವಲು. ಬಹಳ ಹೊತ್ತು ಹಿಡಿಯುತ್ತಿತ್ತು. ತಾನು ಬಿದ್ದಿಲ್ಲ, ಇನ್ನೂ ಇದ್ದೇನೆ ಎಂದು ತಿಳಿಯಲಿ ಎಂದು ಅವಳು ಆಗಾಗ ಸಣ್ಣಗೆ ಕೆಮ್ಮುತ್ತಿದ್ದಳು. ಕೆಮ್ಮು ಕೇಳಿದರೆ ನಾನೂ ಕೆಮ್ಮುತ್ತಿದ್ದೆ. ತಿರುಗಿ ನೋಡಬಾರದು ಎಂಬುದು ನಮ್ಮಿಬ್ಬರ ಕರಾರು.

ಒಂದು ಬೆಳಿಗ್ಗೆ ಅವಳ ಹೊಟ್ಟೆ ಹಲಗೆಯಷ್ಟು ಗಟ್ಟಿಯಾಗಿತ್ತು. ಬಾಡಿಗೆ ಗಾಡಿಯಲ್ಲಿ ಬೆಳಗಾವಿಗೆ ಒಯ್ದರು. ಕರುಳು ತೂತಾಗಿತ್ತು ಎಂದಷ್ಟೇ ಅಲ್ಲಿಂದ ಸುದ್ದಿ ಬಂತು, ಆಮೇಲೆ ಅವಳು ಬಂದಳು, ಬಿಳಿ ಬಟ್ಟೆಯಲ್ಲಿ. ಯಾವ ರೋಗ ಎಂದು ಈವತ್ತಿಗೂ ಗೊತ್ತಿಲ್ಲ. ಒಳಗೆ ಯಾರೂ ನೋಡಿರಲಿಲ್ಲ.

ಎಂಡೋಸ್ಕೋಪಿ ಕೋಣೆಯಲ್ಲಿ, ಯಂತ್ರದ ಗುಂಯ್‌ಗುಡುವ ಸದ್ದಿನ ನಡುವೆ, ನನ್ನ ಬೆನ್ನ ಹಿಂದಿನಿಂದ ಆ ಕೆಮ್ಮು ಕೇಳಿಸುತ್ತದೆ. ದಿನಾ ಅಲ್ಲ. ಕೇಳಿಸಿದ ದಿನ ನಾನು ಗಂಟಲು ಸರಿಮಾಡಿಕೊಳ್ಳುತ್ತೇನೆ. ಡಾಕ್ಟರು ಒಮ್ಮೆ, "ನಿಮಗ ಎ.ಸಿ. ಹಿಡಸಂಗಿಲ್ಲ ಕಾಣತೈತ್ರಿ" ಎಂದರು. ಹೌದ್ರಿ ಸರ್ ಎಂದೆ.

ಅಕ್ಕನ ಆ ಕೂಸನ್ನು ಅವ್ವನೇ ಬೆಳೆಸಿದಳು. ಅವ್ವನಿಗೆ ಅವಳು ಆಯಿ ಅನ್ನುತ್ತಾಳೆ, ನನಗೆ ಚಿಗವ್ವ. ಈಗ ಬಿ.ಕಾಂ. ಓದುತ್ತಿದ್ದಾಳೆ, ಯರಗಟ್ಟಿಯಿಂದ ಬೈಲಹೊಂಗಲಕ್ಕೆ ದಿನಾ ಬಸ್ಸು. ನಾಲಿಗೆ ಚುರುಕು. ಹೋದ ಚಳಿಗಾಲದಲ್ಲಿ ಒಂದು ರವಿವಾರ ನಾನು ಊರಿಗೆ ಹೋದಾಗ ಅವಳ ಬಳೆಗಳನ್ನು ನೋಡಿದೆ. ಕೈಯಿಂದ ಜಾರಬಾರದು ಎಂದು ಒಳಗಡೆಯಿಂದ ದಾರ ಸುತ್ತಿದ್ದಳು.

"ಬಳಿಗೆ ಯಾಕ ದಾರಾ ಸುತ್ತೀಯವಾ?"

"ಫ್ಯಾಷನ್ ಚಿಗವ್ವ. ನಿನಗ ತಿಳಿಯಂಗಿಲ್ಲ."

"ರಕ್ತ ಹೋಗತೈತೇನು?"

ಅವಳು ಟಿ.ವಿ. ಕಡೆ ನೋಡಿದಳು. "ದೀಪಾವಳಿಯಿಂದ" ಎಂದಳು.

"ಆಯಿಗೆ ಹೇಳೀಯೇನು?"

"ಹೇಳಿದ್ರ ಬಟ್ಟಿ ಸರದೈತಿ ಅಂತಾಳ. ಇಲ್ಲಾ ಅಳತಾಳ. ನನಗ ಎರಡೂ ಬ್ಯಾಡ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತದ್ದು ನನಗೆ ಕೇಳಿಸಿತು.

ನಮ್ಮ ಡಾಕ್ಟರು ಬೆಳಗಾವಿಯಿಂದ ವಾರಕ್ಕೆರಡು ಸಲ ಬರುವವರು. ಮಾತು ಕಡಿಮೆ, ಅವಸರವಿಲ್ಲ. ಅವಳ ಹೊಟ್ಟೆಯ ಬಲಗಡೆ ಕೆಳಗೆ ಒತ್ತಿ ನೋಡಿ ಎರಡು ಸಾಧ್ಯತೆ ಹೇಳಿದರು. ಒಂದು ಟಿ.ಬಿ. ಇನ್ನೊಂದು, ಮೈಯ ಕಾವಲುಗಾರರೇ ಕರುಳಿನ ಮೇಲೆ ತಿರುಗಿಬಿದ್ದು ಒಳಪದರವನ್ನು ಸುಡುವ ಉರಿಯೂತದ ಕಾಯಿಲೆ. ಎರಡನೆಯದರ ಔಷಧ ಮೈಯ ಕಾವಲನ್ನು ತಗ್ಗಿಸುತ್ತದೆ. ಇರುವುದು ಟಿ.ಬಿ. ಆಗಿದ್ದರೆ ಅದು ಮೈತುಂಬ ಹಬ್ಬುತ್ತದೆ. ಇರುವುದು ಉರಿಯೂತವಾಗಿದ್ದು ಟಿ.ಬಿ. ಗುಳಿಗೆ ಕೊಡುತ್ತ ಕೂತರೆ ತಿಂಗಳುಗಟ್ಟಲೆ ಕೈತಪ್ಪಿ, ಅಷ್ಟರಲ್ಲಿ ಕರುಳು ಕೆಡುತ್ತದೆ. "ನೋಡಲಾರದ ನಾ ಏನೂ ಕೊಡಂಗಿಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಒಳಗ ಇರ್ತೀರೇನು, ಬ್ಯಾರೆ ಯಾರನ್ನರ ಕರಸೂಣೇನು?" ಎಂದು ಕೇಳಿದರು. ಇರತೇನ್ರಿ ಎಂದೆ. ಇರದಿದ್ದರೆ ಹೇಗೆ? ಇಷ್ಟು ವರ್ಷ ಊರವರ ಕರುಳನ್ನು ನೋಡಿದ್ದು ಯಾತಕ್ಕೆ?

ದುರ್ಬೀನು ಹಾಕುವ ಮೊದಲು ಕರುಳು ತೊಳೆದ ಪಾತ್ರೆಯ ಹಾಗೆ ಸ್ವಚ್ಛ ಇರಬೇಕು. ಅದಕ್ಕೆ ಒಂದು ಪುಡಿ ಕಲಸಿದ ನೀರನ್ನು ಲೀಟರುಗಟ್ಟಲೆ ಕುಡಿಯಬೇಕು. ಉಪ್ಪುಪ್ಪು, ಕೃತಕ ನಿಂಬೆ ವಾಸನೆ. ಅವ್ವ ಅವಳನ್ನು ಕರೆದುಕೊಂಡು ನನ್ನ ಬಾಡಿಗೆ ಖೋಲಿಗೆ ಬಂದಿದ್ದಳು. ಹುಡುಗಿ ಮೂಗು ಹಿಡಿದು ಕುಡಿದಳು, ಓಡಿದಳು, ಮತ್ತೆ ಕುಡಿದಳು. "ನವಿಲುತೀರ್ಥದ ಡ್ಯಾಮಿನ ಗೇಟ್ ಎತ್ತಿದಂಗಾತು ಚಿಗವ್ವ" ಎಂದು ಒಳಗಿನಿಂದಲೇ ಕೂಗಿದಳು. "ಕೆಳಗಿನ ಊರಿಗೆ ಡಂಗುರಾ ಹೊಡಸು." ಮರುದಿನ ಬೆಳಿಗ್ಗೆ ಕೊನೆಯ ಬಾಟಲಿ ಕುಡಿಸುವುದನ್ನು ಅವ್ವನಿಗೆ ಒಪ್ಪಿಸಿ, ಯಂತ್ರ ತಯಾರು ಮಾಡಲು ನಾನು ಮೊದಲೇ ಆಸ್ಪತ್ರೆಗೆ ಹೋದೆ. ಅವರು ಆಟೋದಲ್ಲಿ ಬಂದರು. ಹುಡುಗಿಗೆ ನಿದ್ದೆಯ ಸೂಜಿ ಹಾಕಿದರು. ದೀಪ ಸಣ್ಣದಾಯಿತು.

ಮೊದಲ ಭಾಗ ತಿಳಿಗೆಂಪು, ಚೊಕ್ಕ. ನಾನು ಉಸಿರು ಬಿಟ್ಟೆ. ಮುಂದೆ ಒಂದು ಕಡೆ ಕೆಂಪು. ಮತ್ತೆ ಚೊಕ್ಕ. ನೋಡಲೇಬೇಕಾದ ಜಾಗ ಇನ್ನೂ ಆಚೆ ಇತ್ತು: ದೊಡ್ಡಕರುಳು ಮುಗಿದು ಸಣ್ಣಕರುಳು ಸೇರುವ ಬಾಗಿಲು. ನಳಿಕೆ ಆ ಕಡೆ ತಿರುಗಿದ್ದೇ ತಡ, ಪರದೆ ಹಳದಿಯಾಯಿತು.

ಹಾಗೆ ಹಳದಿಯಾದದ್ದನ್ನು ನಾನು ಎಂದೂ ನೋಡಿರಲಿಲ್ಲ. ಪಿತ್ತದ ಹಳದಿ ಬೇರೆ, ಅದು ಹಸಿರಿಗೆ ತಿರುಗಿರುತ್ತದೆ. ಇದು ಉರಿಯುವ ಹಳದಿ, ಹುಡಿಹುಡಿ, ಗೋಡೆಗೆ ಮೆತ್ತಿಕೊಂಡಿತ್ತು. ನೀರು ಹಾಯಿಸಿದೆ. ಚೊಕ್ಕ ಇದ್ದಲ್ಲಿ ಕರಗಿ ಇಳಿಯಿತು. ಹುಣ್ಣು ಇದ್ದಲ್ಲೆಲ್ಲ ಅಂಟಿಕೊಂಡು ಕೂತಿತು, ಕೆಸರಾಯಿತು.

"ಏನಿದು?" ಎಂದರು ಡಾಕ್ಟರು.

ನನಗೆ ತಿಳಿದಿತ್ತು. ಸವದತ್ತಿಯ ಸುತ್ತ ಹುಟ್ಟಿದ ಯಾರಿಗಾದರೂ ಆ ಬಣ್ಣ ತಿಳಿಯುತ್ತದೆ. "ಭಂಡಾರ ರೀ ಸರ್" ಎಂದೆ. "ಎಲ್ಲಮ್ಮನ ಗುಡ್ಡದ್ದು." ಹಣೆಗೆ ಹಚ್ಚುವ, ನೋಯುವಲ್ಲಿ ಸವರುವ, ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುವ ಅರಿಶಿನ. ಅದು ಕರುಳಿನ ಕಟ್ಟಕಡೆಯವರೆಗೆ ಹೋಗಿ ಕೂತಿತ್ತು.

ಡಾಕ್ಟರು ಇನ್ನಷ್ಟು ಹೊತ್ತು ಪ್ರಯತ್ನಿಸಿದರು. ಹುಣ್ಣಿನ ಅಂಚು ಕಾಣದೆ, ಎಲ್ಲಿಂದ ಚೂರು ತೆಗೆಯಬೇಕು ಎಂದು ತಿಳಿಯದೆ, ಆ ಬಾಗಿಲು ದಾಟುವುದು ಒಳ್ಳೆಯದಲ್ಲ ಎಂದರು. ನಳಿಕೆಯನ್ನು ನಿಧಾನವಾಗಿ ಹಿಂದಕ್ಕೆ ಎಳೆದುಕೊಂಡರು. "ಇನ್ನೊಮ್ಮೆ ಮಾಡೂಣು. ಆದ್ರ ಲಗೂನ ಆಗಬೇಕ್ರಿ" ಎಂದರು.

ಅವ್ವ ಹೊರಗೆ ಕುಡಿಯುವ ನೀರಿನ ನಳದ ಹತ್ತಿರ ಕೂತಿದ್ದಳು.

"ಬಾಟಲ್ಯಾಗ ಏನ ಹಾಕಿದಿ ಅವ್ವ?"

"ಏನ ಹಾಕಲಿ? ಭಂಡಾರ."

"ಎಷ್ಟ?"

"ಒಂದ ಮುಷ್ಟಿ. ಅಷ್ಟ ನೀರಿಗೆ ಚಿಟಕಿ ಹಾಕಿದ್ರ ಎಲ್ಲಿಗೆ ಸಾಲತೈತಿ?"

"ಒಳಗ ಏನೂ ಕಾಣಲಿಲ್ಲ. ಎಲ್ಲಾ ಹಳದಿ."

ಅವ್ವನ ಮುಖ ಸಡಿಲಾಯಿತು. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅವಳಿಗೆ ಸಮಾಧಾನವಾಗಿತ್ತು. "ಅಲ್ಲಿತನಕಾ ಮುಟ್ಟೈತಲ್ಲ" ಎಂದಳು.

ನಾನು ಜೋರು ದನಿಯಲ್ಲಿ ಮಾತಾಡಿದೆ. ಏನೇನು ಅಂದೆ ಎಂದು ಬರೆಯುವುದಿಲ್ಲ. ಬಿ.ಎಸ್ಸಿ. ಮಾಡಿದವಳು ಆಸ್ಪತ್ರೆಯ ಪಡಸಾಲೆಯಲ್ಲಿ ಅವ್ವನಿಗೆ ಅನ್ನಬಹುದಾದದ್ದನ್ನೆಲ್ಲ ಅಂದೆ. ಅವಳು ಕೇಳಿಸಿಕೊಂಡಳು. ಆಮೇಲೆ ತನ್ನ ಬಲಗೈಯನ್ನು ತಾನೇ ನೋಡುತ್ತ ಹೇಳಿದಳು:

"ನಿಮ್ಮಕ್ಕನ್ನ ಗಾಡ್ಯಾಗ ಕುಂಡ್ರಿಸುಮುಂದ ಭಂಡಾರದ ಡಬ್ಬಿ ಈ ಕೈಯಾಗ ಇತ್ತು. ಡ್ರೈವರ್ ಲಗೂ ಲಗೂ ಅಂದ. ನಾ ಕೂಸಿನ್ನ ಎತ್ತಿಕೊಳ್ಳಾಕ ಹೋದೆ. ಗಾಡಿ ಹೋತು. ಆಕಿ ಹಣಿ ಬರಿದ ಇತ್ತು. ಇವತ್ತಿಗೂ ಕಣ್ಣ ಮುಚ್ಚಿದ್ರ ಗಾಡಿ ಕಿಡಕ್ಯಾಗ ಆ ಹಣಿ ಕಾಣತೈತಿ. ಅದಕ ಈ ಕೂಸಿಗೆ ಹೊರಗ ಹಚ್ಚಿದ್ರ ಒರಸಿಬಿಡತಾರ ಅಂತ ಒಳಗ ಹಾಕಿದೆ."

ನನಗೆ ಕೆಮ್ಮಾಗಿ ಬರುವ ಅಕ್ಕ ಅವ್ವನಿಗೆ ಬರಿಹಣೆಯಾಗಿ ಬರುತ್ತಿದ್ದಳು. ಇಷ್ಟು ವರ್ಷ ಇಬ್ಬರೂ ಒಬ್ಬರೊಡನೊಬ್ಬರು ಬಾಯಿಬಿಟ್ಟಿರಲಿಲ್ಲ.

ಹುಡುಗಿಗೆ ಭಂಡಾರ ಹಾಕಿದ್ದು ಗೊತ್ತಿತ್ತಂತೆ. "ಆಯಿ ಅಳಾಕತ್ತಿದ್ಳು, ಕುಡದೆ" ಎಂದಳು. ಇನ್ನೊಮ್ಮೆ ಮಾಡಬೇಕು ಎಂದಾಗ ಗೋಡೆಯ ಕಡೆ ಹೊರಳಿದಳು. "ಸಾಕ ಚಿಗವ್ವ. ಮತ್ತ ಕುಡಿಯಂಗಿಲ್ಲ, ಮತ್ತ ಮಲಗಂಗಿಲ್ಲ. ಗುಳಿಗಿ ಕೊಡಾವ್ರಿದ್ರ ಕೊಡ್ರಿ, ಇಲ್ಲಂದ್ರ ಬಿಡ್ರಿ."

ಊರಿಗೆ ಹೋದಳು. ನಾನು ದಿನಾ ಫೋನ್ ಮಾಡಿದೆ. ಕರುಳಿನ ಪದರಗಳ ಬಗ್ಗೆ ಹೇಳಿದೆ, ತೂತಾಗುವ ಬಗ್ಗೆ ಹೇಳಿದೆ, ಎರಡು ರೋಗದ ಹುಣ್ಣುಗಳ ವ್ಯತ್ಯಾಸ ಹೇಳಿದೆ. ನನ್ನ ಬಿ.ಎಸ್ಸಿ. ಪೂರ್ತಿ ಖರ್ಚು ಮಾಡಿದೆ. "ಹೂಂ" ಅನ್ನುತ್ತಿದ್ದಳು. ಅವಳು ಕಾಲೇಜು ಬಿಟ್ಟು ಮಲಗಿದ್ದಾಳೆ, ರಕ್ತ ಹೆಚ್ಚಾಗಿದೆ ಎಂದು ಪಕ್ಕದ ಮನೆಯಾಕೆಯಿಂದ ತಿಳಿಯಿತು. ಆ ದಿನಗಳಲ್ಲಿ ಕೆಲಸದ ಕೋಣೆಗೆ ಹೋಗಲು ನನಗೆ ಕಾಲು ಬರುತ್ತಿರಲಿಲ್ಲ. ಬೆನ್ನ ಹಿಂದಿನ ಕೆಮ್ಮು ಈಗ ಚಿಕ್ಕ ಪ್ರಾಯದ ಕೆಮ್ಮಾಗಿತ್ತು. ಯಾರದು ಎಂದು ಯೋಚಿಸಲು ಹೆದರಿದೆ.

ಡಾಕ್ಟರು ಬರುವ ಹಿಂದಿನ ಸಂಜೆ ಅವ್ವ, ಹುಡುಗಿ ಇಬ್ಬರೂ ನನ್ನ ಖೋಲಿಯ ಬಾಗಿಲಲ್ಲಿ ನಿಂತಿದ್ದರು. ಹುಡುಗಿ ಸಿಟ್ಟಿನಲ್ಲಿದ್ದಳು, ಬಸ್ಸಿನಲ್ಲಿ ಬಂದದ್ದೇ ದೊಡ್ಡದು ಅನ್ನುವ ಹಾಗೆ ಹಾಸಿಗೆ ಮೇಲೆ ಬಿದ್ದಳು. ಅವ್ವ ಸೊಂಟದ ಚೀಲದಿಂದ ಭಂಡಾರದ ಡಬ್ಬಿ ತೆಗೆದು ನನ್ನ ಕೈಗಿಟ್ಟಳು. "ನಾಳಿ ಮುಗಿಯೂತನಕ ನಿನ್ನ ಹಂತೇಕ ಇರಲಿ. ನನ್ನ ಕೈ ಮ್ಯಾಲ ನನಗ ಭರೋಸಾ ಇಲ್ಲ" ಎಂದಳು. ಆಮೇಲೆ ಎರಡು ಗ್ಲಾಸು ತಂದು, "ಆ ನೀರ ಹಾಕು. ಒಂದ ಆಕಿಗೆ, ಒಂದ ನನಗ" ಎಂದಳು.

"ನಿನಗೇನಾಗೈತಿ ಅವ್ವ? ಸುಮ್ನ ಕುಂದ್ರು."

"ಕುಡಿಸಿ ಕೆಡಿಸಿದಾಕಿ ನಾನು. ಆಕಿ ಒಬ್ಬಾಕಿನ ಯಾಕ ಕುಡೀಬೇಕು?"

ನಾನು ತಡೆಯುವಷ್ಟರಲ್ಲಿ ಗಟಗಟ ಕುಡಿದಳು. ಮುಖ ಹಿಂಡಿಕೊಂಡಿತು. "ಇದನ್ನ ಎಮ್ಮಿಗೆ ಇಟ್ರ ಎಮ್ಮಿ ಒದೀತೈತಿ" ಎಂದಳು.

ಹಾಸಿಗೆಯ ಮೇಲಿನಿಂದ ನಗು ಬಂತು. ತಡೆದುಕೊಂಡ ನಗು, ಆಮೇಲೆ ತಡೆಯಲಾಗದ ನಗು. "ಆಯಿ, ಪಾಯಖಾನಿ ಒಂದ ಐತಿ. ಮೊದಲ ಯಾರು?" ಎನ್ನುತ್ತ ಎದ್ದು ಕೂತು ತನ್ನ ಗ್ಲಾಸು ಎತ್ತಿಕೊಂಡಳು. ಅವ್ವನಿಗೆ ಎರಡನೆಯ ಗ್ಲಾಸು ನಾನು ಕೊಡಲಿಲ್ಲ. ಆ ವಯಸ್ಸಿಗೆ ಒಂದೇ ಹೆಚ್ಚು. ಅದಕ್ಕೇ ಅವಳು ಮೂರು ಸಲ ಓಡಿದಳು, ಪ್ರತಿ ಸಲವೂ ಬಾಗಿಲು ಬಡಿದವಳು ಮೊಮ್ಮಗಳು.

ಮರುದಿನ ಕೊನೆಯ ಬಾಟಲಿ ನಾನೇ ಕುಡಿಸಿ, ಜತೆಗೇ ಕರೆದುಕೊಂಡು ಹೋದೆ. ಡಬ್ಬಿ ನನ್ನ ಕೋಟಿನ ಜೇಬಿನಲ್ಲಿತ್ತು. ಖೋಲಿಯಲ್ಲಿ ಬಿಟ್ಟು ಬರಬಹುದಿತ್ತು, ಬರಲಿಲ್ಲ.

ಈ ಸಲ ಬಾಗಿಲವರೆಗೂ ದಾರಿ ನಿಚ್ಚಳವಾಗಿತ್ತು. ಡಾಕ್ಟರು ಅದನ್ನು ದಾಟಿ ಸಣ್ಣಕರುಳಿನ ತುದಿಗೆ ಹೋದರು. ಟಿ.ಬಿ. ಹುಣ್ಣು ಸಾಮಾನ್ಯವಾಗಿ ಕರುಳನ್ನು ಪಟ್ಟಿಯ ಹಾಗೆ ಅಡ್ಡ ಬಳಸಿರುತ್ತದೆ. ಇವು ಉದ್ದುದ್ದ ಇದ್ದವು, ಎರೆಹೊಲದಲ್ಲಿ ನೇಗಿಲು ಎಳೆದ ಸಾಲಿನ ಹಾಗೆ, ತಳದಲ್ಲಿ ಬಿಳಿ, ಅಂಚಿನಲ್ಲಿ ಕೆಂಪು. ಸಾಲುಗಳ ನಡುವೆ ಉಬ್ಬಿದ ಗಡ್ಡೆ. ಅದರಾಚೆ ಒಂದಿಷ್ಟು ದೂರ ಏನೂ ಆಗಿಲ್ಲದ ಹಾಗೆ ಚೊಕ್ಕ ಗೋಡೆ, ಮತ್ತೆ ಸಾಲು. "ಹಿಡೀರಿ" ಎಂದರು ಡಾಕ್ಟರು. ನಾನು ಗುಂಡಿ ಒತ್ತಿದೆ, ಚಿತ್ರ ನಿಂತಿತು.

ಆಗ ಬೆನ್ನ ಹಿಂದೆ ಕೆಮ್ಮು ಕೇಳಿತು. ಬಹಳ ಹತ್ತಿರ. ಪರದೆಯ ಮೇಲಿದ್ದದ್ದು ಅಕ್ಕನ ಹೊಟ್ಟೆಯಿಂದ ಬಂದವಳ ಹೊಟ್ಟೆ. ಅಕ್ಕನ ಒಳಗನ್ನು ನೋಡಲು ಇದಕ್ಕಿಂತ ಹತ್ತಿರ ನಾನು ಇನ್ನೆಂದೂ ಹೋಗಲಾರೆ. ಅವಳು ಈ ಸಾಲುಗಳನ್ನೇ ಹೊತ್ತುಕೊಂಡು ಜಾಲಿಕಂಟಿಯ ಹಿಂದೆ ಕೂತಿದ್ದಳೇ? ಅಥವಾ ಅಡ್ಡಪಟ್ಟಿಗಳನ್ನೇ? ನಾನು ತಿರುಗಲಿಲ್ಲ. ಡಾಕ್ಟರು ಕೈಚಾಚಿದ್ದರು, ಚಿಮುಟ ಕೊಡಬೇಕಿತ್ತು. ಕೊಟ್ಟೆ. ಅಕ್ಕಿಕಾಳಿಗಿಂತ ಸಣ್ಣ ಚೂರುಗಳು, ಕಿತ್ತಲ್ಲಿ ಒಂದೊಂದು ಹನಿ ರಕ್ತ. ಒಂದೊಂದನ್ನೂ ಬಾಟಲಿಗೆ ಹಾಕಿ ಹೆಸರು ಬರೆದೆ.

ಚೂರುಗಳ ವರದಿ ಬಂದ ದಿನ ಡಾಕ್ಟರು ಮೂವರನ್ನೂ ಕೂರಿಸಿಕೊಂಡು ಹೇಳಿದರು. ಟಿ.ಬಿ. ಸಿಕ್ಕಿಲ್ಲ. ಚಿತ್ರ, ಚೂರು ಎರಡೂ ಉರಿಯೂತದ ಕಾಯಿಲೆಯನ್ನೇ ಹೇಳುತ್ತಿವೆ. ಪೂರ್ತಿ ಹೋಗುವ ರೋಗವಲ್ಲ, ಅಂಕೆಯಲ್ಲಿ ಇಡಬಹುದು. ಔಷಧ ಬಹಳ ಕಾಲ ಬೇಕು, ನಡುನಡುವೆ ಮತ್ತೆ ಒಳಗೆ ನೋಡಬೇಕು. "ಓದು ಬಿಡಬ್ಯಾಡವಾ" ಎಂದರು ಹುಡುಗಿಗೆ. ಅವಳು ಚೀಟಿ ತೆಗೆದುಕೊಂಡು ಕೆಳಗೆ ಔಷಧದ ಅಂಗಡಿಗೆ ಹೋದಳು.

ಅವ್ವ ಮೆಟ್ಟಿಲ ಹತ್ತಿರದ ಬೆಂಚಿನ ಮೇಲೆ ಕೂತು, ನನ್ನ ಕೈಯಲ್ಲಿದ್ದ ಚಿತ್ರದ ಹಾಳೆ ಕೇಳಿ ಇಸಿದುಕೊಂಡಳು. ಬಹಳ ಹೊತ್ತು ನೋಡಿದಳು. ಉಗುರಿನಿಂದ ಒಂದು ಸಾಲನ್ನು ಮುಟ್ಟಿದಳು.

"ಆಕಿಗೂ ಇದ ಇತ್ತೇನು?"

"ಗೊತ್ತಿಲ್ಲವ್ವ. ಇದ್ದಿರಬಹುದು. ಯಾರೂ ನೋಡಲಿಲ್ಲ."

"ಆವಾಗ ಈ ದುರ್ಬೀನ ಇತ್ತೇನು?"

ಇಲ್ಲ ಎಂದುಬಿಟ್ಟರೆ ಅವಳು ನೆಮ್ಮದಿಯಿಂದ ಬಸ್ಸು ಹತ್ತುತ್ತಿದ್ದಳು. ಒಂದು ಮಾತು. ನನ್ನ ನಾಲಿಗೆಯವರೆಗೆ ಬಂದಿತ್ತು.

"ಇತ್ತು" ಎಂದೆ. "ಬೆಳಗಾವ್ಯಾಗ ಇತ್ತು."

ಅವ್ವ ತಲೆ ಎತ್ತಲಿಲ್ಲ. "ಯಾರೂ ಹೇಳಲಿಲ್ಲಲ್ಲ" ಎಂದಳು.

"ಕೇಳಾಕ ನಮ್ಮ ಮನ್ಯಾಗ ಯಾರಿಗೂ ತಿಳೀತಿರಲಿಲ್ಲವ್ವ."

ಹುಡುಗಿ ಔಷಧದ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಏದುಸಿರು ಬಿಡುತ್ತಿದ್ದಳು. ಸಣ್ಣವಳಿದ್ದಾಗಿನ ರೂಢಿಯಂತೆ ಸೀದಾ ಅವ್ವನ ಮುಂದೆ ನಿಂತು, ಗುಳಿಗೆಯ ಪಟ್ಟಿ ತೋರಿಸಿ ಕೇಳಿದಳು: "ಆಯಿ, ಇದನ್ನ ಉಂಡ ಮ್ಯಾಲ ತಗೊಳ್ಳೂದೋ, ಮೊದಲೋ?"

"ನನ್ನ ಕೇಳಬ್ಯಾಡ" ಎಂದಳು ಅವ್ವ, ಹಾಳೆಯನ್ನೇ ನೋಡುತ್ತ. "ನಿಮ್ಮ ಚಿಗವ್ವನ್ನ ಕೇಳು."

"ಉಂಡ ಮ್ಯಾಲ" ಎಂದೆ.